ಮಹಾರಾಜರ ಪಟದ ಬೆಲೆ ಕೇಳಲು ಹೋಗಿದ್ದೆ

ಮೈಸೂರಿನ ಶಿವರಾಂಪೇಟೆಯ ಒಂದು ಅಡ್ಡರಸ್ತೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇದೆ. ಬೋರ್ಡ್ ಇಲ್ಲ. ಒಂದು ಬಾಗಿಲು, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಫ್ರೇಮ್ ಪಟ್ಟಿಗಳು, ಅಷ್ಟೇ. ನಡೆಸುವವರಿಗೆ ಎಪ್ಪತ್ತು ದಾಟಿದೆ. ನಿಮ್ಮ ಹೆಸರು ಹಾಕಿ ಬರೆಯುತ್ತೇನೆ ಎಂದಾಗ, "ಬೇಡ ಸ್ವಾಮಿ, ಈಗ ಬಂದಿರೋ ಕೆಲ್ಸಾನೇ ಮುಗಿಸಕ್ಕೆ ಆಗ್ತಿಲ್ಲ" ಎಂದರು. ಹಾಗಾಗಿ ಇಲ್ಲಿ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ನಮ್ಮ ಮನೆಯ ಒಂದು ಹಳೇ ಪಟವನ್ನು ಅವರಿಂದ ಪರೀಕ್ಷೆ ಮಾಡಿಸಿದೆ. ಅದಕ್ಕೂ ಮೊದಲು ಬೇರೆ ಕಡೆ ದುಡ್ಡು ಕೊಟ್ಟು ಮೋಸ ಹೋಗಿದ್ದೆವು. ಹಳೇ ಪಟ ಕೈಗೆ ಬಂದರೆ ಯಾರನ್ನು ಕೇಳಬೇಕು, ಏನು ಕೇಳಬೇಕು ಅನ್ನೋದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಪಟ ನಮ್ಮ ತಾತನದು. ಪಾಂಡವಪುರದ ಹತ್ತಿರದ ಹಳ್ಳಿ. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ನಡುಮನೆಯ ಬಾಗಿಲ ಮೇಲೆ, ದೇವರ ಪಟಗಳ ಸಾಲಿನ ಕೊನೆಗೆ ಇದು ಇತ್ತು. ಮಹಾರಾಜರೊಬ್ಬರ ಚಿತ್ರ. ಸೊಂಟದವರೆಗೆ. ತಲೆಗೆ ಜರಿ ಪೇಟ, ಕೆಂಪು ಕೋಟು, ಎಡಗೈ ಕತ್ತಿಯ ಹಿಡಿಯ ಮೇಲೆ, ಹಿಂದೆ ಹಸಿರು ಪರದೆ. ಚಿತ್ರದ ಅಳತೆ 14 ಇಂಚಿಗೆ 20 ಇಂಚು. ಆಯುಧಪೂಜೆ ದಿನ ದೇವರಿಗೆ ಹೂವು ಇಟ್ಟ ಮೇಲೆ ಇದಕ್ಕೂ ಒಂದು ಸೇವಂತಿಗೆ ಸಿಕ್ಕಿಸುತ್ತಿದ್ದರು. ಹೆಸರು ಮಾತ್ರ ಎಲ್ಲೂ ಇಲ್ಲ. ಅಚ್ಚು ಹಾಕಿದವರ ಹೆಸರಿಲ್ಲ, ಇಸವಿ ಇಲ್ಲ.

ಹೋದ ವರ್ಷ ಮನೆ ಬೀಳಿಸುವುದು ಅಂತ ತೀರ್ಮಾನ ಆಯಿತು. ಅಪ್ಪ, ಚಿಕ್ಕಪ್ಪ, ಅತ್ತೆ, ಮೂರು ಪಾಲು. ಹಂಡೆ, ಕೊಪ್ಪರಿಗೆ, ಒರಳು, ಬೀಟೆ ಪೆಟ್ಟಿಗೆ ಎಲ್ಲ ಸಲೀಸಾಗಿ ಹಂಚಿಕೆಯಾದವು. ಪಟ ಉಳಿಯಿತು. ಅದು ಯಾರ ಚಿತ್ರ ಅನ್ನೋದರಲ್ಲೇ ಮೂವರಿಗೂ ಒಮ್ಮತ ಇರಲಿಲ್ಲ. ಅತ್ತೆ ಚಾಮರಾಜೇಂದ್ರ ಒಡೆಯರು ಎನ್ನುತ್ತಿದ್ದರು. ಚಿಕ್ಕಪ್ಪ ಜಯಚಾಮರಾಜ ಒಡೆಯರು ಎಂದರು. ಅಪ್ಪನಿಗೆ ಅದು ನಾಲ್ವಡಿಯವರೇ. 1927ರಲ್ಲಿ ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿ ರಜತೋತ್ಸವ ನಡೆದಾಗ ತಾತನಿಗೆ ಈ ಪಟ ಸಿಕ್ಕಿತು ಅಂತ ಅಪ್ಪ ಚಿಕ್ಕಂದಿನಿಂದ ಕೇಳಿದ್ದರು.

ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಒಳ್ಳೇ ಹುಡುಗ, ಜಗಳ ಬೇಡ ಅಂತ ಆನ್‌ಲೈನ್‌ನಲ್ಲಿ ಬೆಲೆ ಕಟ್ಟುವ ಒಂದು ಕಂಪನಿಗೆ 1,500 ರೂಪಾಯಿ ಕಟ್ಟಿದ. ಗಾಜಿನ ಮೇಲಿಂದಲೇ ಮೂರು ಫೋಟೋ ತೆಗೆದು ಕಳಿಸಿದೆವು. ಎರಡು ದಿನಕ್ಕೆ ಒಂದು ಪುಟದ ಪಿಡಿಎಫ್ ಬಂತು. ಅದರಲ್ಲಿ ಇದ್ದದ್ದು ಇಷ್ಟು: ರವಿವರ್ಮ ಶೈಲಿಯ ಓಲಿಯೋಗ್ರಾಫ್ (ಎಣ್ಣೆ ಬಣ್ಣದ ಚಿತ್ರದ ಹಾಗೆ ಕಾಣುವ ಅಚ್ಚು), ಸುಮಾರು 1890, ಅಂದಾಜು ಬೆಲೆ 85,000 ರೂಪಾಯಿ. ಆ ಒಂದು ಪುಟ ಮನೆಯಲ್ಲಿ ಏನೇನು ಮಾಡಿತು ಅಂತ ಇಲ್ಲಿ ಬರೆಯುವುದಿಲ್ಲ. ಅದುವರೆಗೆ ಪಟ ಯಾರು ಇಟ್ಟುಕೊಂಡರೂ ಪರವಾಗಿಲ್ಲ ಎನ್ನುತ್ತಿದ್ದವರು ಆಮೇಲೆ ಹಾಗೆ ಹೇಳಲಿಲ್ಲ.

ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೂ ತೋರಿಸಿದೆ. ಮೂರಡಿ ದೂರದಿಂದ ನೋಡಿದರು. ಕೈ ಮಾತ್ರ ಕಟ್ಟಿನ ಮೇಲೆ ಓಡಾಡುತ್ತಿತ್ತು. "ಹನ್ನೆರಡು ಸಾವಿರ ಕೊಡ್ತೀನಿ, ಈಗ್ಲೇ ಬಿಟ್ಟು ಹೋಗಿ" ಎಂದರು. ಹಿಂದೆ ತಿರುಗಿಸಿ ಸಹ ನೋಡಲಿಲ್ಲ. ಒಬ್ಬರು 85 ಎಂದರು, ಇನ್ನೊಬ್ಬರು 12. ಇಬ್ಬರೂ ಪಟ ಬಿಚ್ಚಿಯೇ ನೋಡಿಲ್ಲ.

ನನಗೆ ಮಂಡ್ಯದಲ್ಲಿ ಮದುವೆ ಕಾರ್ಡಿನ ಅಂಗಡಿ ಇದೆ, 14 ವರ್ಷದಿಂದ. ಆಫ್‌ಸೆಟ್, ಸ್ಕ್ರೀನ್ ಪ್ರಿಂಟಿಂಗ್ ಎರಡೂ ಮಾಡಿಸುತ್ತೇನೆ. ಅಚ್ಚಿನ ಕೆಲಸ ಅಂದರೆ ಮೊದಲು ಡಾಟ್, ಅಂದರೆ ಬಣ್ಣದ ಸಣ್ಣ ಚುಕ್ಕೆ, ನೋಡಬೇಕು ಅನ್ನೋದು ನನ್ನ ರಕ್ತದಲ್ಲಿದೆ. ಆದರೆ ಮನೆಯಲ್ಲಿ ಪಟ ಬಿಚ್ಚಲು ಧೈರ್ಯ ಬರಲಿಲ್ಲ. ಗಾಜು ಕಾಗದಕ್ಕೆ ಅಂಟಿದ್ದರೆ? ಎತ್ತಿದರೆ ಮುಖವೇ ಕಿತ್ತು ಬಂದರೆ? ಮೈಸೂರಿನ ನನ್ನ ಪೇಪರ್ ಡೀಲರ್ ಈ ಯಜಮಾನರ ಹೆಸರು ಹೇಳಿದರು. "ಅವ್ರು ಕೊಂಡ್ಕೊಳ್ಳಲ್ಲ, ಮಾರಲ್ಲ. ನೋಡಿ ಹೇಳ್ತಾರೆ, ಕಟ್ಟು ಹಾಕಿ ಕೊಡ್ತಾರೆ" ಎಂದರು. ಆ ಮಾತೇ ನನಗೆ ಸಾಕಾಯಿತು. ಬೆಲೆ ಹೇಳುವವರಿಗೆ ಆ ಸಾಮಾನು ಕೊಳ್ಳುವ ಆಸೆ ಇರಬಾರದು. ನಾನು ಈ ಅಂಗಡಿಗೆ ಮೊದಲ ಅಂಕ ಕೊಡುವುದು ಇದಕ್ಕೇ.

ಒಂದು ಬುಧವಾರ ಬೆಳಿಗ್ಗೆ ಹೋದೆವು, ನಾನು ಮತ್ತು ಅಪ್ಪ. ಅಪ್ಪನ ಹಳೇ ಪಂಚೆಯಲ್ಲಿ ಪಟ ಸುತ್ತಿಕೊಂಡಿದ್ದೆವು. ಯಜಮಾನರು ಮೇಜಿನ ಮೇಲೆ ಒಂದು ಕಂಬಳಿ ಹಾಸಿ, ಅದರ ಮೇಲೆ ಬಿಳೀ ಬಟ್ಟೆ ಹಾಸಿ, ಪಟವನ್ನು ಮುಖ ಕೆಳಗೆ ಮಾಡಿ ಮಲಗಿಸಿದರು. ಮುಂಭಾಗ ನೋಡಲೇ ಇಲ್ಲ. ಹಿಂಭಾಗವನ್ನು ಕಾಲು ಗಂಟೆ ನೋಡಿದರು.

"ಇಲ್ಲಿ ನೋಡಿ, ಮೊಳೆ ತೂತು ಎರಡು ಸಾಲು ಇದೆ."

ನೋಡಿದೆ. ಈಗಿರುವ ಮೊಳೆಗಳ ಪಕ್ಕದಲ್ಲೇ ಹಳೇ ತೂತುಗಳು, ಒಳಗೆ ಕಪ್ಪಾಗಿದ್ದವು. ಅಂದರೆ ಇದೇ ಕಟ್ಟನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದ್ದಾರೆ. ಹಿಂದಿನ ಹಲಗೆ ಒಂದೇ ತುಂಡಲ್ಲ, ಮೂರು ತೆಳು ಹಲಗೆಗಳು. ಸಣ್ಣ ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಳೆದು ಒಂದು ಸ್ಟೀಲ್ ಲೋಟಕ್ಕೆ ಹಾಕಿದರು. ಹದಿನೆಂಟು ಮೊಳೆ. ಪ್ರತಿ ಮೊಳೆಗೂ ಅಪ್ಪ ಉಸಿರು ಬಿಗಿ ಹಿಡಿಯುತ್ತಿದ್ದರು.

ಹಲಗೆ ತೆಗೆದಾಗ ಕೆಳಗೆ ನ್ಯೂಸ್ ಪೇಪರ್ ಇತ್ತು. ಕನ್ನಡ ಪೇಪರಿನ ಒಳಪುಟ, ಮೇಲಿನ ಭಾಗ ಹರಿದಿದೆ, ತಾರೀಕು ಇಲ್ಲ. ನನಗೆ ಬೇಜಾರಾಯಿತು. ಯಜಮಾನರು ಬೇಜಾರಾಗಲಿಲ್ಲ. ಕನ್ನಡಕ ಏರಿಸಿಕೊಂಡು ಜಾಹೀರಾತುಗಳನ್ನು ಓದಲು ಶುರು ಮಾಡಿದರು. ಒಂದು ತಲೆನೋವಿನ ಔಷಧಿ, ಒಂದು ಬಟ್ಟೆ ಅಂಗಡಿ. ಮೂರನೆಯದು ಯಾವುದೋ ಪುಸ್ತಕದ್ದು. ಅದರ ಬೆಲೆಯ ಮೇಲೆ ಬೆರಳಿಟ್ಟರು. 75 ನಯಾಪೈಸೆ.

"ಆಣೆ ಹೋಗಿ ನಯಾಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. 1964ರಲ್ಲಿ 'ನಯಾ' ಅನ್ನೋದು ಬಿಟ್ಟು ಬರೀ ಪೈಸೆ ಆಯ್ತು. ಈ ಪೇಪರ್ ಆ ಏಳು ವರ್ಷದ್ದು. ಅಂದ್ರೆ ನಿಮ್ ತಾತ ಆವಾಗ್ಲೋ ಅಥವಾ ಸ್ವಲ್ಪ ಆಮೇಲೋ ಇದನ್ನ ಬಿಚ್ಚಿಸಿ ಮತ್ತೆ ಕಟ್ಟು ಹಾಕ್ಸಿದಾರೆ."

ಅಪ್ಪನಿಗೆ ಥಟ್ ಅಂತ ನೆನಪಾಯಿತು. ಚಿಕ್ಕವರಿದ್ದಾಗ ಒಂದು ಮಳೆಗಾಲ ನಡುಮನೆ ಸೋರಿ, ಪಟಗಳೆಲ್ಲ ನೆನೆದು, ತಾತ ಅವನ್ನೆಲ್ಲ ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರಂತೆ. ಇಷ್ಟು ವರ್ಷ ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ. ಯಜಮಾನರು ಆ ಪೇಪರಿನ ತುಂಡನ್ನು ಎಸೆಯಲಿಲ್ಲ. ಮಡಿಸದೆ ಒಂದು ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ನಮ್ಮ ಕೈಗೆ ಕೊಟ್ಟರು.

ಆಮೇಲೆ ಕಾಗದ ಕಾಣಿಸಿತು. ಹಿಂಭಾಗ ಚಹಾದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಎರಡು ಗಾಢ ಗೆರೆಗಳು, ಮೇಲಿಂದ ಕೆಳಗಿನವರೆಗೂ. ಹಲಗೆಗಳ ಸಂದು ಇದ್ದ ಜಾಗ ಅದು. ಗಾಳಿ, ಧೂಳು, ಮರದಿಂದ ಬಿಟ್ಟ ಆಮ್ಲ ಎಲ್ಲ ಸೇರಿ ಸಂದಿನ ಗುರುತನ್ನು ಕಾಗದದ ಮೇಲೆ ಬರೆದಿದ್ದವು. ಒಂದು ಕಡೆ ಮರದ ಗಂಟಿನ ಗುರುತು ಕೂಡ ಇತ್ತು, ಕಣ್ಣಿನ ಆಕಾರದಲ್ಲಿ. ಮಧ್ಯೆ ನ್ಯೂಸ್ ಪೇಪರ್ ಇದ್ದರೂ ಆ ಗುರುತು ಇಳಿದಿದೆ.

ಗಾಜು ಅಂಟಿರಲಿಲ್ಲ. ಬಲಗಡೆ ಕೆಳಮೂಲೆಯಲ್ಲಿ ಮಾತ್ರ ಎರಡು ಬೆರಳಗಲ ಹಿಡಿದಿತ್ತು. ಅದನ್ನು ಎತ್ತಲು ಅವರು ತೆಳ್ಳನೆ ಎಲುಬಿನ ಪಟ್ಟಿಯೊಂದನ್ನು ಬಳಸಿದರು, ಪುಸ್ತಕ ಬೈಂಡ್ ಮಾಡುವವರ ಹತ್ತಿರ ಇರುತ್ತದಲ್ಲ, ಅದು. ಇಪ್ಪತ್ತು ನಿಮಿಷ ಬೇಕಾಯಿತು. ಪರದೆಯ ಹಸಿರಿನಲ್ಲಿ ಒಂದು ಕಾಳಿನಷ್ಟು ಬಣ್ಣ ಗಾಜಿಗೆ ಹೋಯಿತು. ಅದನ್ನು ತಕ್ಷಣ ನಮಗೆ ತೋರಿಸಿ, "ಇಷ್ಟು ಹೋಯ್ತು, ನಂದೇ ಲೆಕ್ಕ" ಎಂದು ಚೀಟಿಯಲ್ಲಿ ಬರೆದುಕೊಂಡರು. ಆಗ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಗಾಜಿಲ್ಲದೆ ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಸುಮಾರು ಮೂವತ್ತರ ವಯಸ್ಸಿನ ಮುಖ. ಗಾಜಿನ ಹಿಂದೆ ಕಂದಾಗಿ ಕಾಣುತ್ತಿದ್ದ ಕಣ್ಣು ನಿಜಕ್ಕೂ ಕಪ್ಪಗಿತ್ತು. ಅಪ್ಪ ಚಪ್ಪಲಿ ಬಿಟ್ಟು ನಿಂತುಕೊಂಡರು.

ಭೂತಗನ್ನಡಿ ನನ್ನ ಕೈಗೇ ಕೊಟ್ಟರು. "ನೀವು ಅಚ್ಚಿನೋರಲ್ವಾ, ನೀವೇ ಹೇಳಿ" ಎಂದರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಈಗಿನ ಫೋರ್ ಕಲರ್ ಅಚ್ಚಿನಲ್ಲಿ ಏನು ಕಾಣುತ್ತದೆ ಅಂತ ನನಗೆ ಗೊತ್ತು. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಬೇರೆ ಬೇರೆ ಓರೆಯಲ್ಲಿ ಕೂತು ಸಣ್ಣ ಸಣ್ಣ ಹೂವುಗಳ ಹಾಗೆ ಕಾಣುತ್ತವೆ. ಕೆನ್ನೆಯ ಮೇಲೆ ಲೂಪ್ ಇಟ್ಟೆ. ಹೂವಿಲ್ಲ. ಕಪ್ಪು ಚುಕ್ಕೆಗಳು ಮಾತ್ರ, ಓರೆಯಾಗಿ, ಸೈನ್ಯದ ಹಾಗೆ ಸಾಲಾಗಿ. ಅವುಗಳ ಕೆಳಗೆ ಚರ್ಮದ ಬಣ್ಣ, ಆದರೆ ಅದಕ್ಕೆ ಚುಕ್ಕೆಯ ಸಾಲಿಲ್ಲ. ಒರಟು ಕಲ್ಲಿನ ಮೇಲೆ ಕ್ರೇಯಾನ್ ಎಳೆದರೆ ಹೇಗೆ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಡುತ್ತದೋ ಹಾಗಿತ್ತು.

"ಕಲ್ಲಚ್ಚು!" ಎಂದೆ. ದನಿ ಜಾಸ್ತಿಯೇ ಆಯಿತು.

ಕಲ್ಲಚ್ಚು ಅಂದರೆ ನಮ್ಮ ಅಚ್ಚಿನವರಿಗೆ ಭಕ್ತಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಚ್ಚಾದದ್ದು ಕಲ್ಲಚ್ಚಿನಲ್ಲೇ. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ನೀರು ಸವರಿ, ಬಣ್ಣ ಹಚ್ಚಿದರೆ ಜಿಡ್ಡಿದ್ದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಬಣ್ಣಕ್ಕೊಂದು ಕಲ್ಲು ಬೇಕು. ಪ್ರತಿ ಬಣ್ಣಕ್ಕೂ ಕಾಗದ ಮತ್ತೆ ಯಂತ್ರದೊಳಗೆ ಹೋಗಬೇಕು. ಒಂದು ಕೂದಲಷ್ಟು ಸರಿದರೂ ರಿಜಿಸ್ಟರ್ ತಪ್ಪುತ್ತದೆ, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಇಲ್ಲಿಯೂ ಪೇಟದ ಅಂಚಿನಲ್ಲಿ ಕೆಂಪು ಒಂದು ಕೂದಲಷ್ಟು ಹೊರಗೆ ಬಂದಿತ್ತು. ಅದನ್ನು ನೋಡಿ ನನಗೆ ಯಾರೋ ಗುರುತಿನವರು ಸಿಕ್ಕಂತಾಯಿತು. ಇದೇ ತಪ್ಪಿಗೆ ನಾನು ಎಷ್ಟು ಕಾರ್ಡುಗಳನ್ನು ವಾಪಸ್ ಕಳಿಸಿದ್ದೇನೆ!

ಆದರೆ ನಾನು ಅರ್ಧ ಮಾತ್ರ ಸರಿ ಹೇಳಿದ್ದೆ. ಯಜಮಾನರು ಕಪ್ಪು ಚುಕ್ಕೆಗಳನ್ನು ಮತ್ತೆ ತೋರಿಸಿದರು. ಪೂರ್ತಿ ಕೈಯಲ್ಲಿ ಬರೆದ ಕಲ್ಲಚ್ಚಾಗಿದ್ದರೆ ಮುಖದಲ್ಲಿ ಸಾಲು ಹಿಡಿದ ಚುಕ್ಕೆ ಇರುತ್ತಿರಲಿಲ್ಲ. ಇಲ್ಲಿ ಒಂದು ಫೋಟೋವನ್ನು ಸ್ಕ್ರೀನ್ ಹಾಕಿ, ಅಂದರೆ ಚುಕ್ಕೆಗಳಾಗಿ ಒಡೆದು, ಕಪ್ಪಿನಲ್ಲಿ ಅಚ್ಚು ಮಾಡಿ, ಬಣ್ಣಗಳನ್ನು ಮಾತ್ರ ಕೈಯಲ್ಲಿ ಬರೆದು ಕೂಡಿಸಿದ್ದಾರೆ. ಎರಡೂ ಪದ್ಧತಿ ಸೇರಿದ ಕೆಲಸ. ಪೇಟದ ಜರಿಗೆ ಹಿತ್ತಾಳೆ ಬಣ್ಣದ ಪುಡಿ ಉದುರಿಸಿದ್ದಾರೆ. ಅದೇ ಅಲ್ಲಲ್ಲಿ ಹಸಿರುಗಪ್ಪಾಗಿದೆ.

"ಓಲಿಯೋಗ್ರಾಫ್ ಅಂತ ಬರೆದಿದ್ದಾರೆ" ಎಂದು ಫೋನಿನಲ್ಲಿ ಪಿಡಿಎಫ್ ತೋರಿಸಿದೆ. ಅವರು ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಓಲಿಯೋಗ್ರಾಫ್ ಎಂದರೆ ಎಣ್ಣೆ ಬಣ್ಣದ ಚಿತ್ರದ ಹಾಗೆ ಕಾಣಲಿ ಅಂತ ಮೇಲೆ ವಾರ್ನಿಶ್ ಹಾಕಿರುತ್ತಾರೆ. ಎಷ್ಟೋ ಸಲ ಕ್ಯಾನ್ವಾಸ್ ನೇಯ್ಗೆಯ ಗುರುತನ್ನೂ ಒತ್ತಿರುತ್ತಾರೆ. ಇಲ್ಲಿ ಹೊಳಪೂ ಇಲ್ಲ, ನೇಯ್ಗೆಯೂ ಇಲ್ಲ. ಇನ್ನು 1890 ಅನ್ನೋದು. ರವಿವರ್ಮರ ಪ್ರೆಸ್ ಮುಂಬೈನಲ್ಲಿ ಶುರುವಾಗಿದ್ದೇ 1894ರಲ್ಲಿ. ಅಪ್ಪ ಹೇಳುವ ಹಾಗೆ ಇದು ನಾಲ್ವಡಿಯವರೇ ಆಗಿದ್ದರೆ, ಅವರು ಹುಟ್ಟಿದ್ದು 1884. 1890ಕ್ಕೆ ಆರು ವರ್ಷದ ಮಗು. ಈ ಎರಡು ಇಸವಿ ನೋಡಿದ್ದರೆ ಸಾಕಿತ್ತು, ನಮ್ಮ 1,500 ಉಳಿಯುತ್ತಿತ್ತು. ದುಡ್ಡಿಗಿಂತ ನನಗೆ ಸಂಕಟವಾಗಿದ್ದು, ಆ ಪುಟ ನಂಬಿ ಅತ್ತೆ ಮತ್ತು ಚಿಕ್ಕಪ್ಪ ಮೂರು ತಿಂಗಳು ಮಾತು ಬಿಟ್ಟಿದ್ದು.

ರವಿವರ್ಮರ ಹೆಸರು ಯಾಕೆ ಎಲ್ಲದಕ್ಕೂ ಅಂಟುತ್ತದೆ ಅಂತ ಕೇಳಿದೆ. ಯಜಮಾನರು ಜಗನ್ಮೋಹನ ಅರಮನೆಯ ದೀಪದ ಹುಡುಗಿಯ ಚಿತ್ರದ ಮಾತು ತೆಗೆದರು. ಬೆರಳುಗಳ ಸಂದಿಯಿಂದ ಕೆಂಪಗೆ ಬೆಳಕು ಬರುತ್ತದಲ್ಲ, ಅದೇ. ಅದನ್ನು ಬರೆದವರು ಎಸ್.ಎಲ್. ಹಲ್ದಣ್ಕರ್. ದೀಪ ಹಿಡಿದು ನಿಂತಿದ್ದು ಅವರ ಮಗಳು. ಅದು ಜಲವರ್ಣದ ಚಿತ್ರ. ಆದರೂ ಇವತ್ತಿಗೂ ಎಷ್ಟೋ ಜನ ಅದನ್ನು ರವಿವರ್ಮರದು ಅಂತಲೇ ಹೇಳುತ್ತಾರೆ. "ಗೋಡೆ ಮೇಲೆ ಹೆಸರು ಹಾಕಿರೋ ಚಿತ್ರಕ್ಕೇ ಹಿಂಗಾದ್ರೆ, ಹೆಸರಿಲ್ದೇ ಇರೋ ನಿಮ್ ಪಟದ ಗತಿ ಏನು ಹೇಳಿ" ಎಂದರು.

ಯಾರ ಚಿತ್ರ ಅನ್ನೋದು ಮುಂದಿನ ಪ್ರಶ್ನೆ. ಮೇಜಿನ ಡ್ರಾಯರ್‌ನಿಂದ ಒಂದು ದಪ್ಪ ಫೈಲ್ ತೆಗೆದರು. ಒಡೆಯರ್ ಮನೆತನದವರ ಫೋಟೋಗಳ ಕಟಿಂಗ್, ಜೆರಾಕ್ಸ್. ಮೂವರು ಮಹಾರಾಜರ ಫೋಟೋಗಳನ್ನು ಪಟದ ಪಕ್ಕ ಸಾಲಾಗಿ ಇಟ್ಟರು. ಪೇಟ, ಮೀಸೆ ನೋಡಬೇಡಿ, ಅವು ಬದಲಾಗುತ್ತವೆ, ಕಿವಿ ನೋಡಿ ಎಂದರು. ಕಿವಿ, ಮೂಗಿನ ತುದಿ, ಹುಬ್ಬು. ಅಪ್ಪ ಒಂದೇ ನಿಮಿಷಕ್ಕೆ ನಾಲ್ವಡಿಯವರ ಫೋಟೋ ಮೇಲೆ ಕೈ ಇಟ್ಟರು. ಯಜಮಾನರು ತಲೆ ಆಡಿಸಿದರು.

ನಂತರ ಎದೆಯ ಮೇಲಿನ ಪದಕ. ತಿಳಿನೀಲಿ ಪಟ್ಟಿ, ಅಂಚಿಗೆ ಬಿಳಿ ಗೀಟು. ಪಟ್ಟಿಯ ಪಕ್ಕದಲ್ಲಿ ಕಿರಣಗಳಿರುವ ಬಿಲ್ಲೆ, ನಡುವೆ ಐದು ಮೂಲೆಯ ನಕ್ಷತ್ರ. ಇದು ಬ್ರಿಟಿಷರು ಕೊಡುತ್ತಿದ್ದ 'ಸ್ಟಾರ್ ಆಫ್ ಇಂಡಿಯಾ' ಬಿರುದಿನದು. ನಾಲ್ವಡಿಯವರಿಗೆ ಅದರ ಅತಿ ದೊಡ್ಡ ದರ್ಜೆಯಾದ ಜಿ.ಸಿ.ಎಸ್.ಐ. ಬಂದಿದ್ದು 1907ರಲ್ಲಿ. ಅಂದರೆ ಮೂಲ ಫೋಟೋ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. 1917ರಲ್ಲಿ ಅವರಿಗೆ ಜಿ.ಬಿ.ಇ. ಅನ್ನುವ ಇನ್ನೊಂದು ಬ್ರಿಟಿಷ್ ಬಿರುದು ಕೂಡ ಬಂತು, ಅದು ಇಲ್ಲಿ ಕಾಣುವುದಿಲ್ಲ. ಹಾಗಾದರೆ 1907ರಿಂದ 1917ರ ಮಧ್ಯೆ ಅಚ್ಚಾಗಿದೆ ಅಲ್ವಾ ಎಂದೆ, ಲೆಕ್ಕ ಸಿಕ್ಕಿತು ಅನ್ನುವ ಖುಷಿಯಲ್ಲಿ.

"ನಿಧಾನ" ಎಂದರು. "ಎಲ್ಲಾ ಪದಕಾನೂ ಎಲ್ಲಾ ದಿನಾನೂ ಹಾಕ್ಕೊಳಲ್ಲ. ಇನ್ನೊಂದು, ಮುಖದ ವಯಸ್ಸೇ ಬೇರೆ, ಕಾಗದದ ವಯಸ್ಸೇ ಬೇರೆ. ಹತ್ತು ವರ್ಷದ ಹಳೇ ಫೋಟೋ ಇಟ್ಕೊಂಡು ಪಟ ಅಚ್ಚು ಹಾಕಿರಬಹುದಲ್ವಾ?"

ಹೌದಲ್ಲ. ನಮ್ಮ ಅಂಗಡಿಯಲ್ಲೂ ಅರವತ್ತರ ಶಾಂತಿಯ ಕಾರ್ಡಿಗೆ ನಲವತ್ತರ ವಯಸ್ಸಿನ ಫೋಟೋ ತರುತ್ತಾರೆ.

ಕಾಗದದ ವಯಸ್ಸಿಗೆ ಅವರು ಮಾಡಿದ ಪರೀಕ್ಷೆ ನೋಡಿ ನನಗೆ ಆಶ್ಚರ್ಯವಾಯಿತು, ಯಾಕೆಂದರೆ ಆ ಸಾಧನ ನನ್ನ ಗಲ್ಲಾಪೆಟ್ಟಿಗೆಯಲ್ಲೂ ಇದೆ. ಖೋಟಾ ನೋಟು ನೋಡುವ ನೇರಳೆ ಟಾರ್ಚ್. ಬಾಗಿಲು ಅರ್ಧ ಮುಚ್ಚಿ, ನನ್ನ ಜೇಬಿನಲ್ಲಿದ್ದ ಒಂದು ಮದುವೆ ಕಾರ್ಡನ್ನು ಪಟದ ಪಕ್ಕ ಇಟ್ಟು ಟಾರ್ಚ್ ಬಿಟ್ಟರು. ಕಾರ್ಡ್ ನೀಲಿಬಿಳುಪಾಗಿ ಉರಿಯಿತು. ಪಟದ ಕಾಗದ ಮಂಕಾಗಿ, ಮಣ್ಣಿನ ಹಾಗೆ ಸುಮ್ನೆ ಬಿದ್ದಿತ್ತು. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕ ಬಳಕೆಗೆ ಬಂದಿದ್ದು 1950ರ ಸುಮಾರಿಗೆ. ಅದಿದ್ದರೆ ಹೊಳೆಯುತ್ತದೆ. ಹೊಳೆಯಲಿಲ್ಲ ಅಂದರೆ ಹಳೇದು ಅಂತ ನೂರಕ್ಕೆ ನೂರು ಹೇಳುವುದಕ್ಕಾಗುವುದಿಲ್ಲ, ಈಗಲೂ ಆ ರಾಸಾಯನಿಕ ಹಾಕದ ಕಾಗದ ಸಿಗುತ್ತದೆ. ಆದರೆ ಮೊಳೆ ತೂತು, ನಯಾಪೈಸೆ, ಹಲಗೆ ಸಂದಿನ ಗೆರೆ ಎಲ್ಲ ಸೇರಿಸಿ ನೋಡಿದರೆ ಆಮೇಲೆ ಮಾಡಿದ ನಕಲು ಅಲ್ಲ ಅನ್ನೋದು ಗಟ್ಟಿಯಾಯಿತು.

ಇನ್ನು ಕೆಳಗಿನ ಅಂಚು. ಇಲ್ಲೇ ನನಗೆ ಹೊಟ್ಟೆ ಉರಿದಿದ್ದು. ಚಿತ್ರದ ಕೆಳಗೆ ಬಿಳಿ ಜಾಗದಲ್ಲಿ ಒಂದು ಸಾಲು ಬರಹ ಇತ್ತು. ಹಿಂದೆ ಕಟ್ಟು ಹಾಕಿದವರು ಕಾಗದವನ್ನು ಕಟ್ಟಿನ ಅಳತೆಗೆ ಕೂರಿಸಲು ಕತ್ತರಿಸಿಬಿಟ್ಟಿದ್ದಾರೆ, ಸರಿಯಾಗಿ ಆ ಸಾಲಿನ ಮೇಲೆಯೇ. ಉಳಿದಿರುವುದು ಅಕ್ಷರಗಳ ತಲೆ ಮಾತ್ರ. ಇಂಗ್ಲಿಷ್ ದೊಡ್ಡಕ್ಷರಗಳು. ಒಂದು ದಾರದಷ್ಟು ಎತ್ತರ. ಇನ್ನು ಅರ್ಧ ಇಂಚು ಬಿಟ್ಟಿದ್ದರೆ ಪ್ರೆಸ್ಸಿನ ಹೆಸರು, ಊರು ಎಲ್ಲ ಇರುತ್ತಿತ್ತೋ ಏನೋ.

ಆಗಿನ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಪಟಗಳು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು ಅಂತ ಓದಿದ್ದೆ. ಹಾಗಾಗಿ ಆ ಅಕ್ಷರಗಳ ತಲೆ ನೋಡಿದ ಕೂಡಲೇ ನನಗೆ 'ಪ್ರಿಂಟೆಡ್ ಇನ್ ಜರ್ಮನಿ' ಅಂತಲೇ ಕಾಣಿಸಿತು. ಸ್ಪಷ್ಟವಾಗಿ ಕಾಣಿಸಿತು. ಯಜಮಾನರು ಟ್ರೇಸಿಂಗ್ ಪೇಪರ್ ಇಟ್ಟು ಆ ತಲೆಗಳನ್ನು ಪೆನ್ಸಿಲ್‌ನಲ್ಲಿ ತೆಗೆದುಕೊಂಡರು. "ಈಗ ನೀವು ಹೇಳಿದ್ದನ್ನ ಇಂಗ್ಲಿಷ್‌ನಲ್ಲಿ ಬರೆದು ಎಣಿಸಿ" ಎಂದರು. ಹದಿನಾರು ಅಕ್ಷರ, ಮಧ್ಯೆ ಎರಡು ಖಾಲಿ ಜಾಗ. ಟ್ರೇಸಿಂಗ್‌ನಲ್ಲಿ ಹದಿಮೂರು ತಲೆ. ಖಾಲಿ ಜಾಗ ಒಂದೇ, ಐದನೇ ಅಕ್ಷರದ ನಂತರ. ಎರಡು ಸಲ ಎಣಿಸಿದೆ. ಕೂರಲಿಲ್ಲ.

ಮತ್ತೇನಿರಬಹುದು ಎಂದೆ. "ಊಹೆ ಮಾಡಬಹುದು. ಮಾಡಲ್ಲ. ನಾನು ಬಾಯಲ್ಲಿ ಹೇಳಿದ್ದನ್ನ ನಾಳೆ ನಿಮ್ಮನೆಯೋರು ಬರೆದಿಟ್ಕೋತಾರೆ" ಎಂದರು.

ಆಮೇಲೆ ವರದಿ ಬರೆದುಕೊಟ್ಟರು. ಎರಡು ಪುಟ, ಕೈಬರಹ, ದುಂಡಗಿನ ಹಳೇ ಅಕ್ಷರ. ಮೊದಲ ಭಾಗ 'ಕಂಡದ್ದು': ಅಳತೆ, ಕಾಗದ, ಚುಕ್ಕೆ, ಬಣ್ಣ, ಮೊಳೆ, ಪೇಪರ್ ತುಂಡು, ಟಾರ್ಚ್. ಎರಡನೆಯದು 'ಮನೆಯವರು ಹೇಳಿದ್ದು': 1927ರ ರಜತೋತ್ಸವದ ಕಥೆ. ಅದರ ಪಕ್ಕ ಒಂದು ಸಾಲು, "ಪಟದ ಕಾಲಕ್ಕೆ ಹೊಂದುತ್ತದೆ, ಪಟದಿಂದ ಸಾಬೀತಾಗುವುದಿಲ್ಲ." ಮೂರನೆಯದು 'ತಿಳಿಯದ್ದು': ಅಚ್ಚು ಹಾಕಿದವರು, ಊರು, ಮೂಲ ಫೋಟೋ ತೆಗೆದವರು. ಕಾಲ 1907ರ ನಂತರ, 1950ಕ್ಕೆ ಮೊದಲು ಎಂದಷ್ಟೇ ಬರೆದರು. ಇನ್ನೂ ಹತ್ತಿರದ ಇಸವಿ ಹಾಕಿ ಎಂದು ಕೇಳಿದೆ. ಹಾಕಲಿಲ್ಲ.

ಬೆಲೆ, ಈಗಿರುವ ಸ್ಥಿತಿಯಲ್ಲಿ, ಕಟ್ಟು ಸೇರಿ 3,000ದಿಂದ 4,000 ರೂಪಾಯಿ. ಕಟ್ಟು ಬೀಟೆ ಮರದ್ದು, ಒಂದೇ ಮೂಲೆ ಬಿಟ್ಟುಕೊಂಡಿದೆ. ಅರ್ಧಕ್ಕಿಂತ ಜಾಸ್ತಿ ಬೆಲೆ ಅದರದೇ ಎಂದರು. ಬೆಂಗಳೂರಿನ ವ್ಯಾಪಾರಿಯ ಕೈ ಯಾಕೆ ಕಟ್ಟಿನ ಮೇಲೆಯೇ ಓಡಾಡುತ್ತಿತ್ತು ಅನ್ನೋದು ಆಗ ಅರ್ಥವಾಯಿತು. ಆದರೂ ಅವರು 12,000 ಯಾಕೆ ಎಂದರು ಅನ್ನೋದು ಅರ್ಥವಾಗಿಲ್ಲ.

ನ್ಯೂಜೆರ್ಸಿಯ ತಮ್ಮ ಪಟವನ್ನು ತಾನು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದ. ಅದನ್ನೂ ಕೇಳಿದೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, 1972ರ ಕಾಯ್ದೆ ಇದೆ. ವಯಸ್ಸು ಅನುಮಾನವಿದ್ದರೆ ಪುರಾತತ್ವ ಇಲಾಖೆಯಿಂದ ಇದು ಆ ಪಟ್ಟಿಗೆ ಸೇರದ ವಸ್ತು ಅಂತ ಸರ್ಟಿಫಿಕೇಟ್ ಪಡೆಯಬೇಕು. ನಮ್ಮ ಪಟ ಆ ಗೆರೆಯ ಆಚೆಯೋ ಈಚೆಯೋ ಹೇಳಲಾಗದ ಜಾಗದಲ್ಲಿದೆ. ಸೂಟ್‌ಕೇಸ್‌ನಲ್ಲಿ ಬಟ್ಟೆ ಮಧ್ಯೆ ಇಟ್ಟುಕೊಂಡು ಹೋಗುವ ಸಾಮಾನಲ್ಲ ಅಂತ ಅವನಿಗೆ ಹೇಳಿದೆ, ಒಪ್ಪಿಕೊಂಡ.

ವರದಿಗೆ 600 ರೂಪಾಯಿ. ಮತ್ತೆ ಕಟ್ಟು ಹಾಕಲು 2,850. ಹಳೇ ಬೀಟೆ ಕಟ್ಟನ್ನೇ ಉಳಿಸಿಕೊಂಡರು. ಹಿಂದಿನ ಹಲಗೆಗಳ ಬದಲು ಆಮ್ಲವಿಲ್ಲದ ಬೋರ್ಡ್, ಗಾಜಿಗೂ ಕಾಗದಕ್ಕೂ ಮಧ್ಯೆ ಗಾಳಿಯಾಡಲು ಮೌಂಟ್, ಅಂದರೆ ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು. ಪಟವನ್ನು ಬೋರ್ಡಿಗೆ ಪೂರ್ತಿ ಅಂಟಿಸಲಿಲ್ಲ. ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಜಪಾನೀ ತೆಳುಕಾಗದದ ಪಟ್ಟಿ, ಗೋಧಿ ಪಿಷ್ಟದ ಗಂಜಿಯಲ್ಲಿ. ನೀರು ತಾಕಿಸಿದರೆ ಬಿಟ್ಟುಕೊಳ್ಳುತ್ತದೆ, ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಕಾಗದಕ್ಕೆ ಪೆಟ್ಟಾಗುವುದಿಲ್ಲ. ಕಂದು ಕಲೆಗಳನ್ನು ತೆಗೆಯಲು ಕೇಳಿದೆ. ಅದು ನನ್ನ ಕೆಲಸ ಅಲ್ಲ, ಕಾಗದ ತೊಳೆಯುವುದು ಬೇರೆಯೇ ವಿದ್ಯೆ, ಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ (ಪರಂಪರೆಯ ವಸ್ತುಗಳನ್ನು ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರದಲ್ಲಿ ಕೇಳಿ ಎಂದರು. ಗೋಡೆಗೆ ಹಾಕುವಾಗ ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿಕೊಟ್ಟರು, ಗೋಡೆಯ ತೇವ ನೇರ ತಾಗಬಾರದು ಅಂತ. ಬಿಸಿಲು ಬೀಳುವ ಗೋಡೆ ಬೇಡ. ಮಳೆ ಹೊಡೆಯುವ ಹೊರಗೋಡೆ ಬೇಡವೇ ಬೇಡ. ಲ್ಯಾಮಿನೇಷನ್ ಮಾತು ಎತ್ತಿದ್ದಕ್ಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸರಿ ಇಲ್ಲದ್ದನ್ನೂ ಹೇಳಬೇಕು. ಹತ್ತು ದಿನ ಎಂದವರು ಇಪ್ಪತ್ತೊಂಬತ್ತು ದಿನ ತೆಗೆದುಕೊಂಡರು. ಫೋನ್ ಎತ್ತುವುದೇ ಅಪರೂಪ. ಎರಡು ಸಲ ಮಂಡ್ಯದಿಂದ ಬಂದು ಬಾಗಿಲು ಹಾಕಿದ್ದನ್ನು ನೋಡಿ ವಾಪಸ್ ಹೋದೆ. ಬಿಚ್ಚುವ ಮೊದಲು ಅವರು ಒಂದು ಫೋಟೋ ತೆಗೆದಿಟ್ಟುಕೊಳ್ಳುವುದಿಲ್ಲ. ನಾನೇ ನನ್ನ ಫೋನಿನಲ್ಲಿ ಪ್ರತಿ ಹಂತವೂ ತೆಗೆದೆ, ನೀವೂ ಹಾಗೆ ಮಾಡಿ. ಪಟ ಬಿಟ್ಟು ಹೋಗುವಾಗ ರಸೀದಿ ಕೇಳಿ ಪಡೆಯಬೇಕು, ತಾವಾಗಿ ಕೊಡುವುದಿಲ್ಲ. ಇನ್ಶೂರೆನ್ಸ್‌ಗೋ ಕೋರ್ಟಿಗೋ ಬೇಕಾದ ಮೌಲ್ಯಪತ್ರ ಇವರ ಹತ್ತಿರ ಸಿಗುವುದಿಲ್ಲ, ಇದು ಬಿಳೀ ಹಾಳೆಯ ಮೇಲಿನ ಒಬ್ಬ ಕಸುಬುದಾರನ ಮಾತು. ನಮ್ಮ ಮನೆಗೆ ಅದು ಸಾಕಾಗಿತ್ತು.

ವರದಿಯನ್ನು ಅತ್ತೆಯ ಮನೆಯಲ್ಲಿ ಎಲ್ಲರ ಮುಂದೆ ಓದಿದೆ. 85,000 ಅಲ್ಲ ಅಂತ ಗೊತ್ತಾದ ಮೇಲೂ ಯಾರ ಮುಖವೂ ಬಾಡಲಿಲ್ಲ. ಎಲ್ಲರೂ ಕೇಳಿದ್ದು ನಯಾಪೈಸೆಯ ವಿಷಯ. ಮನೆ ಸೋರಿದ ಆ ಮಳೆಗಾಲ ಅತ್ತೆಗೂ ನೆನಪಿತ್ತು. ಗಾಡಿಯ ಹಿಂದೆ ಬಹಳ ದೂರ ಓಡಿದ್ದರಂತೆ. ಪಟ ಅವರ ಮನೆಯಲ್ಲೇ ಇರಲಿ ಎಂದು ಚಿಕ್ಕಪ್ಪನೇ ಹೇಳಿದರು. ಈಗ ಅವರ ಹಾಲ್‌ನ ಒಳಗೋಡೆಯ ಮೇಲಿದೆ. ನ್ಯೂಸ್ ಪೇಪರ್ ತುಂಡು, ವರದಿ, ಹದಿಮೂರು ತಲೆಗಳ ಆ ಟ್ರೇಸಿಂಗ್, ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ ಅತ್ತೆಯ ಬೀರುವಿನಲ್ಲಿ ಇಟ್ಟಿದ್ದೇವೆ.

ಹಳೇ ಮೈಸೂರು ಕಡೆಯ ಮೇಷ್ಟ್ರ ಮನೆಗಳಲ್ಲಿ, ಶಾನುಭೋಗರ ಮನೆಗಳಲ್ಲಿ ಇದೇ ಪಟ ಇನ್ನೊಂದು ಇದ್ದರೂ ಇರಬಹುದು. ಕೆಂಪು ಕೋಟು, ಎಡಗೈ ಕತ್ತಿಯ ಹಿಡಿಯ ಮೇಲೆ, ತಿಳಿನೀಲಿ ಪಟ್ಟಿ, ಹಿಂದೆ ಹಸಿರು ಪರದೆ. ನಿಮ್ಮಲ್ಲಿದ್ದರೆ ಕೆಳಗಿನ ಅಂಚು ನೋಡಿ. ಅಲ್ಲಿ ಒಂದು ಸಾಲು ಇಂಗ್ಲಿಷ್ ಬರಹ ಪೂರ್ತಿ ಉಳಿದಿದ್ದರೆ, ಐದು ಅಕ್ಷರ, ಒಂದು ಖಾಲಿ ಜಾಗ, ಮತ್ತೆ ಎಂಟು ಅಕ್ಷರ, ಒಂದು ಫೋಟೋ ತೆಗೆದು ನನಗೆ ಕಳಿಸಿ. ಗಾಜಿನ ಮೇಲಿಂದಲೇ ತೆಗೆಯಿರಿ, ಪಟ ಬಿಚ್ಚಬೇಡಿ.